ಕ್ಲಚ್ ಬಿಗಿ, ಸೆಲ್ಫ್ ವೀಕು: ಹಳೇ ಕಾರಿನ ತೊಂದರೆ ಎಲ್ಲಿದೆ ಅಂತ ಹುಡುಕುವುದು ಹೇಗೆ

ನನ್ನದು 1998ರ ಮಾರುತಿ 800. ಕಾರ್ಬುರೇಟರ್ ಗಾಡಿ, ನಾಲ್ಕೇ ಗೇರು. ನಂಬರ್ ಕೆಎ 16ರಿಂದ ಶುರು, ಅಂದರೆ ದುರ್ಗದ್ದು. ಈಗ ಇರುವುದು ದಾವಣಗೆರೆಯಲ್ಲಿ, ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ. ಈ ಗಾಡಿ ಎಂಟು ತಿಂಗಳು ನನ್ನನ್ನು ಗ್ಯಾರೇಜಿಂದ ಗ್ಯಾರೇಜಿಗೆ ಓಡಾಡಿಸಿತು. ಕೊನೆಗೆ ಸಿಕ್ಕ ತಪ್ಪು ಒಂದು ಬೋಲ್ಟು. ಆ ಕತೆಯನ್ನೇ ಮೊದಲು ಹೇಳುತ್ತೇನೆ. ಅದರಲ್ಲಿ ಗೇರ್ ಬಾಕ್ಸೂ ಇದೆ, ಕರೆಂಟೂ ಇದೆ, ಎರಡನ್ನೂ ಬೇರೆ ಬೇರೆ ಅಂದುಕೊಂಡು ನಾನು ದುಡ್ಡು ಕಳೆದುಕೊಂಡದ್ದೂ ಇದೆ.

ಶುರುವಿನಲ್ಲಿ ಕ್ಲಚ್ ಪ್ಲೇಟ್ ನಿಜವಾಗಲೂ ಸವೆದಿತ್ತು. ಗೇರ್ ಬಾಕ್ಸ್ ಇಳಿಸಿ ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿಸಿದೆ. ಗಾಡಿ ಬೆಣ್ಣೆ ತರ ಆಯಿತು. ಎರಡು ತಿಂಗಳಿಗೆ ಕ್ಲಚ್ ಪೆಡಲ್ ಬಿಗಿಯಾಗುತ್ತಾ ಬಂತು. ಎಷ್ಟು ಅಂದರೆ, ಪಿ.ಬಿ. ರಸ್ತೆಯ ಸಿಗ್ನಲ್ಲುಗಳಲ್ಲಿ ನಾಲ್ಕು ಸಲ ತುಳಿದರೆ ಮೊಣಕಾಲು ನೋಯುತ್ತಿತ್ತು. ತೋರಿಸಿದೆ. "ಕ್ಲಚ್ ವಯರ್ ಹೋಗೈತೆ ಅಣ್ಣ, ಹೊಸಾದು ಹಾಕ್ತೀನಿ ಬಿಡ್ರಿ" ಅಂದ ಮೇಸ್ತ್ರಿ. ಪೆಡಲಿನಿಂದ ಕ್ಲಚ್ಚನ್ನು ಎಳೆಯುವ ಉಕ್ಕಿನ ತಂತಿ ಅದು. ಹಾಕಿದ. ಸರಿಹೋಯಿತು. ಮತ್ತೆ ಎರಡೂವರೆ ತಿಂಗಳಿಗೆ ಅದೇ ಕತೆ.

ಇದರ ನಡುವೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಕುಂಯ್... ಕುಂಯ್... ಅಂತ ಎಳೆಯುತ್ತಿತ್ತು. ಅದನ್ನು ಬೇರೆ ಅಂಗಡಿಯಲ್ಲಿ ತೋರಿಸಿದೆ, ಅದು ಬೇರೆ ತೊಂದರೆ ಅಲ್ವಾ ಅಂತ. "ಬ್ಯಾಟರಿ ವೀಕ್ ಐತ್ರೀ ಸಾರ್." ಹೊಸ ಬ್ಯಾಟರಿ ಬಂತು. ಸ್ವಲ್ಪ ಚುರುಕಾಯಿತು, ಆದರೆ ಪೂರ್ತಿ ಸರಿಯಾಗಲಿಲ್ಲ. "ಹಂಗಾರೆ ಸೆಲ್ಫ್ ಮೋಟರ್ ಬಿಚ್ಚಬೇಕು ನೋಡ್ರಿ." ಅದನ್ನೂ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದೆ.

ಒಂದು ಸಂಜೆ ಬಾನೆಟ್ ಎತ್ತಿ ನಿಂತಿದ್ದೆ. ಕಾಲೇಜಿಗೆ ಹೋಗುವ ಅಣ್ಣನ ಮಗಳನ್ನು ಒಳಗೆ ಕೂರಿಸಿ ಕೀ ತಿರುಗಿಸು ಅಂದೆ. ಮೂರನೇ ಸಲ ಹೊಡೆದಾಗ ಎಂಜಿನ್ ಹಿಂದುಗಡೆ, ಕ್ಲಚ್ ವಯರ್ ಕ್ಯಾಬಿನ್ ಒಳಗೆ ನುಗ್ಗುವ ಜಾಗದಲ್ಲಿ, ಎಳೆಯಾಗಿ ಹೊಗೆ ಬಂತು. "ಚಿಕ್ಕಪ್ಪಾ, ಪೆಡಲ್ ಹತ್ರ ಏನೋ ಸುಟ್ಟ ವಾಸನೆ" ಅಂತ ಅವಳೂ ಕೂಗಿದಳು. ಕ್ಲಚ್ ವಯರನ್ನು ಮುಟ್ಟಿ ನೋಡಿದೆ. ಬೆರಳು ಚುರ್ ಅಂತು.

ಕರೆಂಟಿಗೂ ಕ್ಲಚ್ ವಯರಿಗೂ ಏನು ಸಂಬಂಧ? ಇದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಸೆಲ್ಫ್ ಮೋಟರ್ ಒಂದು ಸಲ ತಿರುಗಲು 100 ಆಂಪಿಯರ್ ಆಸುಪಾಸು ಎಳೆಯುತ್ತದೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಜಾಸ್ತಿ. ಪ್ಲಸ್ ವಯರಿನಲ್ಲಿ ಬಂದದ್ದು ಎಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಲೇಬೇಕು. ಅದಕ್ಕೆ ಅಂತಲೇ ಎಂಜಿನ್ ಅಥವಾ ಗೇರ್ ಬಾಕ್ಸಿಗೆ ದಪ್ಪ ಅರ್ಥಿಂಗ್ ವಯರ್, ಇಲ್ಲವೇ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಅದು ಬಿಟ್ಟುಹೋದರೆ ಕರೆಂಟ್ ಸುಮ್ಮನಿರುವುದಿಲ್ಲ. ಎಂಜಿನ್ನಿಂದ ಬಾಡಿಗೆ ಲೋಹದ ದಾರಿ ಎಲ್ಲಿದೆಯೋ ಅಲ್ಲಿ ನುಗ್ಗುತ್ತದೆ. ಕ್ಲಚ್ ವಯರ್, ಆಕ್ಸಿಲರೇಟರ್ ವಯರ್, ಚೋಕ್ ವಯರ್, ಸ್ಪೀಡೋಮೀಟರ್ ಕೇಬಲ್ ಎಲ್ಲವೂ ಅಂಥ ದಾರಿಗಳೇ. ಇವು ಅಷ್ಟು ಭಾರ ಹೊರುವ ವಯರುಗಳಲ್ಲ. ಕಾಯುತ್ತವೆ. ಒಳಗಿನ ಪ್ಲಾಸ್ಟಿಕ್ ನಳಿಗೆ ಕರಗಿ ತಂತಿಗೆ ಅಂಟಿಕೊಳ್ಳುತ್ತದೆ. ಪೆಡಲ್ ಬಿಗಿ.

ಗೇರ್ ಬಾಕ್ಸ್ ಇಳಿಸಿದಾಗ ಬಿಚ್ಚಿದ ಪಟ್ಟಿಯನ್ನು ವಾಪಸ್ ಕಟ್ಟಿರಲೇ ಇಲ್ಲ. ಒಂದು ತುದಿ ಬಾಡಿಗೆ ಕಚ್ಚಿಕೊಂಡಿತ್ತು, ಇನ್ನೊಂದು ತುದಿ ಬ್ಯಾಟರಿ ತಟ್ಟೆಯ ಕೆಳಗೆ ಎಣ್ಣೆ ಕುಡಿದು ನೇತಾಡುತ್ತಿತ್ತು. ಎಂಟು ತಿಂಗಳು!

ನಿಮ್ಮ ಗಾಡಿಯಲ್ಲೂ ಇದೇ ಇದೆಯಾ ಅಂತ ನೋಡಲು ಹತ್ತು ನಿಮಿಷ ಸಾಕು. ಮಲ್ಟಿಮೀಟರ್ ಬೇಕು, ಮುನ್ನೂರು ನಾನೂರು ರೂಪಾಯಿಯದ್ದೇ ಆಗುತ್ತದೆ. 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ, ಅದರ ಮೇಲಿನ ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಪೇಂಟ್ ಇಲ್ಲದ, ತುಕ್ಕಿಲ್ಲದ ಜಾಗಕ್ಕೆ ಒತ್ತಿ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಈಗ ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ 0.2 ವೋಲ್ಟ್ ಒಳಗೆ ತೋರಿಸಿದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಹುಡುಕುವುದಕ್ಕೆ ಕೆಲಸ ಇದೆ. ನನ್ನದು 3.1 ತೋರಿಸಿತು. ಅಂದರೆ ಬ್ಯಾಟರಿಯ ಶಕ್ತಿಯಲ್ಲಿ ಕಾಲು ಭಾಗ ಕ್ಲಚ್ ವಯರ್ ಕಾಯಿಸಲು ಹೋಗುತ್ತಿತ್ತು.

ಮೀಟರ್ ಇಲ್ಲದಿದ್ದರೆ ಇನ್ನೂ ಸುಲಭ. ಜಂಪ್ ಕೇಬಲ್ಲಿನ ಒಂದು ಎಳೆ ತೆಗೆದುಕೊಂಡು ಬ್ಯಾಟರಿ ಮೈನಸ್‌ನಿಂದ ನೇರವಾಗಿ ಎಂಜಿನ್ ಮೈಗೆ ಕಚ್ಚಿಸಿ, ಸೆಲ್ಫ್ ಹೊಡೆಯಿರಿ. ಇಷ್ಟು ಹೊತ್ತು ಅಳುತ್ತಿದ್ದ ಸೆಲ್ಫ್ ತಟ್ಟನೆ ಜೋರಾಗಿ ತಿರುಗಿತು ಅಂದರೆ ಬ್ಯಾಟರಿಯದ್ದೂ ಅಲ್ಲ, ಮೋಟರಿನದ್ದೂ ಅಲ್ಲ, ಅರ್ಥಿಂಗಿನದ್ದೇ ತಪ್ಪು. ಪಟ್ಟಿ ಕಟ್ಟುವ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ನಾನು ಹಳೇ ಪಟ್ಟಿಯ ಜೊತೆಗೆ ಇನ್ನೊಂದು ಬ್ಯಾಟರಿ ವಯರನ್ನೂ ಹಾಕಿಕೊಂಡೆ. ಅದು ಸ್ವಲ್ಪ ಅತಿಯಾಯಿತು, ಇರಲಿ.

ಕ್ಲಚ್ಚಾ, ಗೇರ್ ಬಾಕ್ಸಾ?

ಗೇರ್ ಬೀಳುತ್ತಿಲ್ಲ ಅಂದ ಕೂಡಲೇ ಗೇರ್ ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಮೊದಲು ಎಂಜಿನ್ ಆಫ್ ಮಾಡಿ ಎಲ್ಲಾ ಗೇರು ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಇದ್ದಾಗ ಮಾತ್ರ ಒದ್ದಾಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಆಫ್ ಇದ್ದಾಗಲೂ ಬಿಗಿ ಅಂದರೆ ಗೇರ್ ರಾಡ್, ಬುಷ್ ಅಥವಾ ಪೆಟ್ಟಿಗೆಯ ಒಳಗಿನ ತೊಂದರೆ. ಒಂದೊಂದು ಸಲ ಹಲ್ಲಿಗೆ ಹಲ್ಲು ಎದುರಾಗಿ ಒಂದು ಗೇರ್ ಬೀಳದೇ ಇರಬಹುದು. ಗಾಡಿಯನ್ನು ಅರ್ಧ ಅಡಿ ತಳ್ಳಿ ಮತ್ತೆ ಹಾಕಿ ನೋಡಿ.

ಇನ್ನೂ ಖಾತ್ರಿ ಬೇಕಾದರೆ ರಿವರ್ಸ್ ಗೇರ್ ಸಾಕ್ಷಿ ಹೇಳುತ್ತದೆ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮೊದಲು ಎರಡರ ವೇಗ ಹೊಂದಿಸುವ ರಿಂಗ್) ಇರುವುದಿಲ್ಲ. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಸುಮ್ಮನಿದ್ದು, ಆಮೇಲೆ ರಿವರ್ಸ್ ಹಾಕಿ. ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರಬೇಕು. ಆದರೂ ಕರ್ರ್ ಅಂದರೆ ಕ್ಲಚ್ ಅದನ್ನು ಇನ್ನೂ ತಿರುಗಿಸುತ್ತಿದೆ. ಒತ್ತಿದ ತಕ್ಷಣ ಹಾಕಿದರೆ ಕರ್ರ್ ಅಂದು, ಕಾದು ಹಾಕಿದರೆ ಸುಮ್ಮನಾದರೆ ಅದು ದೋಷವಲ್ಲ, ನಿಮ್ಮ ಅವಸರ.

ವಯರಿನ ಬದಲು ಆಯಿಲ್ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಾದರೆ ಪೆಡಲನ್ನು ಮೂರು ನಾಲ್ಕು ಸಲ ಪಂಪ್ ಮಾಡಿ ಗೇರ್ ಹಾಕಿ. ಹಾಗೆ ಮಾಡಿದರೆ ಬೀಳುತ್ತದೆ ಅಂದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಅಥವಾ ಸ್ಲೇವ್ ಸಿಲಿಂಡರಿನ ರಬ್ಬರ್ ಹೋಗಿದೆ. ಆಯಿಲ್ ಡಬ್ಬಿಯ ಮಟ್ಟ ಇಳಿದಿದೆಯಾ, ಪೆಡಲ್ ಹಿಂದೆ ಒದ್ದೆ ಇದೆಯಾ ನೋಡಿ.

ಇದರ ಉಲ್ಟಾ ಜಾರುವ ಕ್ಲಚ್. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಊರೊಳಗೆ ಗೊತ್ತೇ ಆಗುವುದಿಲ್ಲ, ದಾವಣಗೆರೆಯ ನೆಲ ಸಪಾಟು. ದುರ್ಗಕ್ಕೆ ಹೋಗಿ ಜೋಗಿಮಟ್ಟಿ ಏರಿಗೆ ಹಾಕಿದರೆ ಮೊದಲ ತಿರುವಿಗೇ ಬಣ್ಣ ಬಯಲಾಗುತ್ತದೆ. ಅಲ್ಲೀ ತನಕ ಹೋಗಬೇಕಿಲ್ಲ. ಸಪಾಟಾದ ಜಾಗದಲ್ಲಿ ನಿಲ್ಲಿಸಿ, ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನ ಬಿಡಿ. ಎಂಜಿನ್ ಗಕ್ಕನೆ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದೇ ಸಲ ಮಾಡಿ ನೋಡಿ. ಹತ್ತು ಸಲ ಮಾಡಿದರೆ ಚೆನ್ನಾಗಿದ್ದ ಪ್ಲೇಟೂ ಸುಟ್ಟುಹೋಗುತ್ತದೆ.

ಜಾರುತ್ತದೆ ಅಂದ ಮಾತ್ರಕ್ಕೆ ಪ್ಲೇಟ್ ಮುಗಿಯಿತು ಅಂತಲ್ಲ. ಪೆಡಲಿನ ಫ್ರೀ ಪ್ಲೇ ನೋಡಿ. ಕೈಯಲ್ಲಿ ಒತ್ತಿದಾಗ ಮೊದಲ 15ರಿಂದ 20 ಮಿ.ಮೀ. ಸಡಿಲವಾಗಿ ಹೋಗಬೇಕು, ಆಮೇಲೆ ಭಾರ ಸಿಗಬೇಕು. ಸಡಿಲವೇ ಇಲ್ಲ ಅಂದರೆ, ನೀವು ಕಾಲು ತೆಗೆದಿದ್ದರೂ ರಿಲೀಸ್ ಬೇರಿಂಗ್ ಒತ್ತಿಕೊಂಡೇ ಇರುತ್ತದೆ, ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ. ವಯರಿನ ಗೇರ್ ಬಾಕ್ಸ್ ಕಡೆಯ ತುದಿಯಲ್ಲಿ ನಟ್ ಇರುತ್ತದೆ, ಕೈಯಲ್ಲೇ ಅಥವಾ ಸ್ಪ್ಯಾನರಿನಲ್ಲಿ ಸಡಿಲಿಸಬಹುದು. ನನ್ನ ಗಾಡಿಯಲ್ಲಿ ಆದದ್ದೂ ಇದೇ. ಕಾದು ಅಂಟಿದ ವಯರ್ ಕ್ಲಚ್ ಬಿಡಿಸುತ್ತಿಲ್ಲ ಅಂತ ಮೇಸ್ತ್ರಿ ನಟ್ ಬಿಗಿಯುತ್ತಾ ಹೋದ, ಫ್ರೀ ಪ್ಲೇ ಸೊನ್ನೆಯಾಯಿತು, ಹೊಸ ಪ್ಲೇಟ್ ಜಾರಲು ಶುರುವಾಯಿತು, ಇನ್ನೊಂದು ಸಲ ಗೇರ್ ಬಾಕ್ಸ್ ಇಳಿಸಬೇಕು ಅನ್ನುವವರೆಗೂ ಮಾತು ಬಂದಿತ್ತು. ಒಂದು ಅರ್ಥಿಂಗ್ ಪಟ್ಟಿಗೆ!

ಸದ್ದನ್ನು ಕೇಳಿ

ಗೇರ್ ಬಾಕ್ಸಿನ ಸದ್ದು ಕೇಳುವಾಗ ಕಿಟಕಿ ಇಳಿಸಿ, ಟೇಪ್ ಆಫ್ ಮಾಡಿ, ಫ್ಯಾನೂ ಆಫ್ ಮಾಡಿ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿರಲಿ. ಪೆಡಲ್ ಒತ್ತಿದಾಗ ಕಿರ್ರ್ ಅಂದು, ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್. ಬಿಟ್ಟಾಗ ಗುಂಯ್ ಅಂದು, ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್. ಎರಡಕ್ಕೂ ಪೆಟ್ಟಿಗೆ ಇಳಿಸಬೇಕು, ಆದರೆ ಖರ್ಚು ಬೇರೆ ಬೇರೆ. ಮೊದಲನೆಯದಕ್ಕೆ ಪೆಟ್ಟಿಗೆ ಒಡೆಯಬೇಕಾಗಿಲ್ಲ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಮುಂದಕ್ಕೆ ಬಿಟ್ಟಾಗ ಕಟ ಕಟ ಕಟ ಅಂದರೆ ಗೇರ್ ಬಾಕ್ಸಲ್ಲ, ಚಕ್ರದ ಕಡೆಯ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸುವ ಆಕ್ಸಲ್ಲಿನ ಕೀಲು. ಅದರ ರಬ್ಬರ್ ಬೂಟ್ ಹರಿದು, ಗ್ರೀಸ್ ಹೊರಗೆ ಎರಚಿ, ಒಳಗೆ ಮಣ್ಣು ಸೇರಿರುತ್ತದೆ. ಬೂಟ್ ಹರಿದ ವಾರದಲ್ಲೇ ನೋಡಿದ್ದರೆ ಬೂಟ್ ಮತ್ತು ಗ್ರೀಸಿನಲ್ಲಿ ಮುಗಿಯುತ್ತಿತ್ತು. ಓಮ್ನಿ, ಅಂಬಾಸಿಡರ್ ತರ ಹಿಂದಿನ ಚಕ್ರಕ್ಕೆ ಓಡುವ ಗಾಡಿಯಲ್ಲಿ ಕ್ಲಚ್ ಬಿಟ್ಟಾಗ ಟಕ್ ಅಂತ ಒಂದೇ ಪೆಟ್ಟು ಬಂದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ನೋಡಿ. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ಆಚೀಚೆ ತಿರುಗಿಸಿದರೆ ಕ್ರಾಸಿನಲ್ಲಿ ಆಟ ಇರುವುದು ಗೊತ್ತಾಗುತ್ತದೆ. ಗಾಡಿ ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಡಿ, ಇಲ್ಲದಿದ್ದರೆ ಹೋಗಲೇಬೇಡಿ.

ಓಡುವಾಗ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಎಲ್ಲರೂ ಸಿಂಕ್ರೊ ಹೋಗಿದೆ ಅನ್ನುತ್ತಾರೆ. ಇರಬಹುದು. ಆದರೆ ಮೊದಲು ಎಂಜಿನ್ ಮೌಂಟ್ ಮತ್ತು ಗೇರ್ ರಾಡಿನ ಬುಷ್ ನೋಡಿ. ಬುಷ್ ಸವೆದರೆ ಗೇರ್ ಕಡ್ಡಿ ಸಾರಿನಲ್ಲಿ ಸೌಟು ಆಡಿಸಿದ ಹಾಗೆ ಆಡುತ್ತದೆ, ಮೊದಲನೇ ಗೇರ್ ಯಾವುದು ಮೂರನೆಯದು ಯಾವುದು ಗೊತ್ತಾಗುವುದಿಲ್ಲ. ಬಾನೆಟ್ ಎತ್ತಿ, ಬ್ರೇಕ್ ಒತ್ತಿ ಹಿಡಿದು, ಇನ್ನೊಬ್ಬರು ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪ ಸ್ವಲ್ಪ ಬಿಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿಯ ಎದುರಿಗೆ ನಿಲ್ಲಬೇಡಿ. ಎಂಜಿನ್ ಒಂದೆರಡು ಇಂಚು ಎದ್ದು ಕೂತರೆ ಮೌಂಟ್ ಹರಿದಿದೆ. ಬುಷ್ಷು, ಮೌಂಟು ಎರಡೂ ಪೆಟ್ಟಿಗೆ ಬಿಚ್ಚುವುದರ ಮುಂದೆ ಏನೂ ಅಲ್ಲದ ಖರ್ಚು.

ಗೇರ್ ಆಯಿಲ್ ವಿಷಯ ಹೆಚ್ಚಿನವರು ಮರೆಯುತ್ತಾರೆ. ಎಂಜಿನ್ ಆಯಿಲ್‌ಗೆ ಕಡ್ಡಿ ಇದೆ, ಗೇರ್ ಬಾಕ್ಸಿಗೆ ಇಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಗಾಡಿ ಸಪಾಟು ನಿಂತಿರುವಾಗ ಪೆಟ್ಟಿಗೆಯ ಪಕ್ಕದ ಲೆವೆಲ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ. ತೂತಿನ ಅಂಚಿನವರೆಗೆ ಆಯಿಲ್ ಇರಬೇಕು. ಕಡಿಮೆ ಇದ್ದರೆ ಆಕ್ಸಲ್ ಸೀಲಿನ ಹತ್ತಿರ ಸೋರಿಕೆ ಹುಡುಕಿ. ಹಳೇ ಆಯಿಲ್ ತೆಗೆದಾಗ ಬಿಳಿ ಕಾಗದದ ಮೇಲೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿಯಿರಿ. ಹಳದಿ ಮಿಂಚು ಕಂಡರೆ ಸಿಂಕ್ರೊ ರಿಂಗಿನ ಹಿತ್ತಾಳೆ ಉದುರುತ್ತಿದೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ಕೆಸರಿನಂಥದ್ದು ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಚೂರು ಚೂರು ಕಬ್ಬಿಣ ಸಿಕ್ಕರೆ ಹೆದರಿ.

ಯಾವ ಆಯಿಲ್ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿ. ಅಂಗಡಿಯವರು 80ಡಬ್ಲ್ಯೂ-90 ಅಂತ ಕೊಡುವುದರಲ್ಲೇ ಜಿಎಲ್-4 ಮತ್ತು ಜಿಎಲ್-5 ಅಂತ ಎರಡು ಇವೆ. ಐದು ಜಾಸ್ತಿ, ಹಾಗಾಗಿ ಅದೇ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಗಂಧಕ ಇರುವ ಸೇರ್ಪಡೆ ಜಾಸ್ತಿ, ಅದು ಕೆಲವು ಪೆಟ್ಟಿಗೆಗಳ ಹಿತ್ತಾಳೆ ರಿಂಗುಗಳಿಗೆ ಆಗಿಬರುವುದಿಲ್ಲ. ಪುಸ್ತಕ ಜಿಎಲ್-4 ಅಂದಿದ್ದರೆ ನಾಲ್ಕೇ.

ಬ್ಯಾಟರಿ, ಡೈನಮೋ

ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ಗೆ ನಮ್ಮ ಕಡೆ ಈಗಲೂ ಡೈನಮೋ ಅಂತಲೇ ಹೆಸರು, ನಾನೂ ಹಾಗೇ ಬರೆಯುತ್ತೇನೆ. ಚಾರ್ಜ್ ಬರುತ್ತಿದೆಯಾ ನೋಡಲು ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿಯ ವಯರ್ ಕಿತ್ತು "ನಿಲ್ತಾ ಇಲ್ಲ ನೋಡ್ರಿ, ಡೈನಮೋ ಸರಿ ಐತೆ" ಅನ್ನುವ ಮೇಸ್ತ್ರಿಗಳು ಇದ್ದಾರೆ. ದಯವಿಟ್ಟು ಮಾಡಿಸಬೇಡಿ. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಒಮ್ಮೆಲೇ ಹಾರಿ ಡೈನಮೋದ ಡಯೋಡ್, ರೆಗ್ಯುಲೇಟರ್ ಸುಡಬಹುದು. ಚೆನ್ನಾಗಿದ್ದ ಡೈನಮೋವನ್ನು ಪರೀಕ್ಷೆ ಮಾಡಿಯೇ ಕೊಂದ ಹಾಗೆ.

ಮೀಟರ್ ಇದ್ದರೆ ನಾಲ್ಕು ಓದು ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ. ಸೆಲ್ಫ್ ಹೊಡೆಯುವಾಗ ನೋಡಿ, 9.6ರ ಕೆಳಗೆ ಬೀಳಬಾರದು. 12.6 ಇದ್ದದ್ದು ಸೆಲ್ಫ್ ಹೊಡೆದ ಕೂಡಲೇ 7, 8ಕ್ಕೆ ಕುಸಿದರೆ ಬ್ಯಾಟರಿ ಒಳಗೆ ಸತ್ತಿದೆ, ಇಲ್ಲವೇ ಮೋಟರ್ ಅತಿಯಾಗಿ ಎಳೆಯುತ್ತಿದೆ. 11ರ ಆಸುಪಾಸೇ ಇದ್ದು ಸೆಲ್ಫ್ ಮಾತ್ರ ಅಳುತ್ತಿದ್ದರೆ ಬ್ಯಾಟರಿ ಬದಲಾಯಿಸಬೇಡಿ. ವಯರಿನಲ್ಲಿ ಅಥವಾ ಅರ್ಥಿಂಗಿನಲ್ಲಿ ತಡೆ ಇದೆ. ನಾನು ಹೊಸ ಬ್ಯಾಟರಿ ತರುವ ಮೊದಲು ಈ ಒಂದು ಓದು ಓದಿದ್ದರೆ ಸಾಕಿತ್ತು.

ಆಮೇಲೆ ಎಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, 13.8ರಿಂದ 14.4 ನಡುವೆ ಬರಬೇಕು. ಹೆಡ್‌ಲೈಟ್, ಫ್ಯಾನ್ ಹಾಕಿದ ಮೇಲೂ 13ರ ಮೇಲೆಯೇ ಇರಬೇಕು. ಬರೀ 12.4 ಇದ್ದರೆ ಚಾರ್ಜಿಂಗ್ ಇಲ್ಲ. ಮೊದಲು ಬೆಲ್ಟ್ ಒತ್ತಿ ನೋಡಿ, ಸಡಿಲ ಇದ್ದರೆ ಸ್ಟಾರ್ಟ್ ಆದಾಗ ಕೀಂಯ್ ಅಂತ ಕಿರುಚಿರುತ್ತದೆ. ಬೆಲ್ಟ್ ಸರಿ ಇದ್ದರೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಹತ್ತುತ್ತಾ ನೋಡಿ. ಹತ್ತದಿದ್ದರೆ ಆ ಚಿಕ್ಕ ಬಲ್ಬೇ ಹೋಗಿರಬಹುದು. ಹಳೇ ಗಾಡಿಗಳಲ್ಲಿ ಡೈನಮೋ ಎದ್ದೇಳಲು ಬೇಕಾದ ಮೊದಲ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ, ಬಲ್ಬ್ ಸುಟ್ಟರೆ ಡೈನಮೋ ಮಲಗಿಯೇ ಇರಬಹುದು. ಇದೆಲ್ಲಾ ಸರಿ ಇದ್ದರೆ ಮಾತ್ರ ಡೈನಮೋ ಬಿಚ್ಚಿ ಕಾರ್ಬನ್ ನೋಡಿಸಿ.

15 ದಾಟಿದರೆ ಅದೂ ಕೆಟ್ಟದ್ದೇ. ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿ ನೀರು ಬೇಗ ಬೇಗ ಇಂಗುತ್ತದೆ, ಬಲ್ಬುಗಳು ಒಂದೊಂದಾಗಿ ಹೋಗುತ್ತವೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನೀರು ಹೇಗೂ ಇಳಿಯುತ್ತದೆ, ಹಾಗಾಗಿ ಬೇಸಿಗೆ ಅಂತ ಸುಮ್ಮನಾಗುವ ಮೊದಲು ಒಮ್ಮೆ ಮೀಟರ್ ಹಿಡಿಯಿರಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರ್ ನೀರು ಬೇಡವೇ ಬೇಡ.

ಸೆಲ್ಫ್ ಸದ್ದಿನಲ್ಲೂ ಗುಟ್ಟಿದೆ. ಟಕ ಟಕ ಟಕ ಅಂತ ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಖಾಲಿ ಅಥವಾ ಟರ್ಮಿನಲ್ ಸಡಿಲ. ಒಂದೇ ಟಕ್ ಅಂದು ಸುಮ್ಮನಾದರೆ, ಲೈಟೂ ಚೆನ್ನಾಗಿ ಉರಿಯುತ್ತಿದ್ದರೆ, ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಥವಾ ಮೋಟರ್. ಸರ್ರ್ ಅಂತ ಬರಿದೇ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್, ಅಂದರೆ ಮೋಟರನ್ನು ಎಂಜಿನ್ನಿಗೆ ಕಚ್ಚಿಸುವ ಪುಟ್ಟ ಗೇರ್. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಬರುವ ಸಣ್ಣ ವಯರಿನಲ್ಲಿ ಕರೆಂಟ್ ಇದೆಯಾ ಅಂತ ಟೆಸ್ಟ್ ಲ್ಯಾಂಪ್ ಹಿಡಿಯಿರಿ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬೆಳೆದಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ತೊಳೆದು, ಕಂಬ ಮತ್ತು ಕ್ಲ್ಯಾಂಪ್ ಎರಡನ್ನೂ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಂಗುರ, ಬಳೆ ತೆಗೆದಿಡಿ.

ರಾತ್ರಿ ಬ್ಯಾಟರಿ ಕುಡಿಯುವವರು

ಚಾರ್ಜಿಂಗ್ ಚೆನ್ನಾಗಿದೆ, ಬ್ಯಾಟರಿ ಹೊಸದು, ಆದರೂ ಮೂರು ದಿನ ನಿಲ್ಲಿಸಿದರೆ ಸೆಲ್ಫ್ ಇಲ್ಲ. ಇದಕ್ಕೆ ಕಾರಣ ಎಲ್ಲೋ ಏನೋ ಕರೆಂಟ್ ಕುಡಿಯುತ್ತಿದೆ. ಐದು ವ್ಯಾಟಿನ ಒಂದು ಪುಟ್ಟ ಬಲ್ಬ್ ಸಾಕು. ಅದು ಎಳೆಯುವುದು 0.4 ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಖಾಲಿ ಮಾಡಲು ಎರಡು ದಿನವೂ ಬೇಡ. ಡಿಕ್ಕಿ ಮುಚ್ಚಿದ ಮೇಲೆ ಒಳಗಿನ ಲೈಟ್ ಆರಿದೆಯಾ ಅಂತ ಯಾರು ನೋಡಿದ್ದಾರೆ? ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಡಿಕ್ಕಿ ಮುಚ್ಚಿ, ತೆಗೆದು ನೋಡಿ.

ಹುಡುಕುವ ರೀತಿ ಹೀಗೆ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ವಯರ್ ಬಿಚ್ಚಿ. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಆ ವಯರ್ ಮತ್ತು ಬ್ಯಾಟರಿ ಕಂಬದ ನಡುವೆ ಸೇರಿಸಿ. ಹಾಗೆ ಸೇರಿಸಿಕೊಂಡು ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗಬಹುದು. 50 ಮಿಲಿ ಆಂಪಿಯರ್ ಒಳಗಿದ್ದರೆ ಪರವಾಗಿಲ್ಲ. ಕಂಪ್ಯೂಟರ್ ಇಲ್ಲದ ಹಳೇ ಗಾಡಿಯಲ್ಲಿ ಇನ್ನೂ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯಿತೋ ಆ ಲೈನಿನಲ್ಲಿ ಕಳ್ಳ ಇದ್ದಾನೆ.

ಎಲ್ಲಾ ಫ್ಯೂಸ್ ಕಿತ್ತರೂ ಇಳಿಯಲಿಲ್ಲ ಅಂದರೆ? ಫ್ಯೂಸ್ ಡಬ್ಬಿ ದಾಟಿ ನೇರವಾಗಿ ಬ್ಯಾಟರಿಗೆ ಕಟ್ಟಿದ್ದು ಏನಿದೆ ನೋಡಿ. ನನ್ನ ಗೆಳೆಯನ ಗಾಡಿಯಲ್ಲಿ ಅದು ಸೀಟಿನ ಕೆಳಗಿದ್ದ ಆಂಪ್ಲಿಫೈಯರ್. ಹಾಡು ನಿಂತರೂ ಅದು ಆಫ್ ಆಗುತ್ತಿರಲಿಲ್ಲ, ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆಫ್ ಮಾಡಲು ಸೆಟ್‌ನಿಂದ ಬರಬೇಕಾದ ಸಣ್ಣ ವಯರನ್ನು ಹಾಕಿದವನು ಸೀದಾ ಪ್ಲಸ್‌ಗೆ ತಿರುಚಿ ಟೇಪ್ ಸುತ್ತಿದ್ದ. ಅದೂ ಸರಿ ಇದ್ದರೆ ಡೈನಮೋದ ದಪ್ಪ ವಯರ್ ಬಿಚ್ಚಿ ನೋಡಿ, ಒಳಗಿನ ಡಯೋಡ್ ಶಾರ್ಟ್ ಆಗಿದ್ದರೂ ರಾತ್ರಿಯೆಲ್ಲಾ ಸೋರುತ್ತದೆ.

ಇನ್ನು ಇಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಇದನ್ನು ಮೊದಲು ನೋಡಿ, ಮಿಕ್ಕಿದ್ದೆಲ್ಲಾ ಆಮೇಲೆ. ಚೀಲಗಳ ಪಕ್ಕ ನಿಲ್ಲಿಸಿದ ಗಾಡಿಯ ಬೆಚ್ಚಗಿನ ಎಂಜಿನ್ ಮೇಲೆ ಅವು ಕೂತು ಊಟ ಮಾಡುತ್ತವೆ, ಊಟ ಆದ ಮೇಲೆ ವಯರ್ ಕಡಿಯುತ್ತವೆ. ಏರ್ ಫಿಲ್ಟರ್ ಡಬ್ಬಿಯ ಹಿಂದೆ ಜೋಳದ ಕಾಳು, ಹಿಕ್ಕೆ ಸಿಕ್ಕರೆ ಟಾರ್ಚ್ ಹಾಕಿ ವಯರಿನ ಕಟ್ಟನ್ನು ಬೆರಳಿನಿಂದ ತಡಕುತ್ತಾ ಹೋಗಿ. ಮೇಲಿಂದ ಚೆನ್ನಾಗಿ ಕಂಡರೂ ಕೆಳಮೈ ಬೋಳಾಗಿರುತ್ತದೆ.

ರಿವರ್ಸ್ ಹಾಕಿದರೆ ಫ್ಯೂಸ್ ಢಂ

ಗೇರು, ಕರೆಂಟು ಕೈ ಕುಲುಕುವ ಇನ್ನೊಂದು ಜಾಗ ಇದು. ಗಾಡಿ ಚೆನ್ನಾಗಿ ಓಡುತ್ತಿರುತ್ತದೆ, ರಿವರ್ಸ್ ಹಾಕಿದ ಕೂಡಲೇ ಇಂಡಿಕೇಟರೂ ಹೋಯಿತು, ಡ್ಯಾಶ್‌ಬೋರ್ಡಿನ ಮೀಟರೂ ಸತ್ತಿತು. ಗೇರ್ ಬಾಕ್ಸಿನಲ್ಲಿ ಒಂದು ಪುಟ್ಟ ಸ್ವಿಚ್ ಇದೆ, ರಿವರ್ಸ್ ಬಿದ್ದಾಗ ಹಿಂದಿನ ಬಿಳಿ ದೀಪ ಹೊತ್ತಿಸುವುದು ಅದರ ಕೆಲಸ. ಅದರಿಂದ ಹಿಂದಕ್ಕೆ ಹೋಗುವ ವಯರ್ ಎಲ್ಲೋ ಬಾಡಿಗೆ ಉಜ್ಜಿ ಬೋಳಾಗಿರುತ್ತದೆ, ಹೆಚ್ಚಾಗಿ ಡಿಕ್ಕಿಯ ಕೀಲಿನ ಹತ್ತಿರ ಅಥವಾ ಎಂಜಿನ್ ಪಕ್ಕ. ಹಳೇ ಗಾಡಿಗಳಲ್ಲಿ ಒಂದೇ ಫ್ಯೂಸಿಗೆ ನಾಲ್ಕಾರು ಕೆಲಸ ಕಟ್ಟಿರುವುದರಿಂದ ಆ ಫ್ಯೂಸ್ ಹೋದರೆ ಮಿಕ್ಕವೂ ಹೋಗುತ್ತವೆ. ಸ್ವಿಚ್ಚಿನ ಸಾಕೆಟ್ ಕಿತ್ತು ರಿವರ್ಸ್ ಹಾಕಿ. ಫ್ಯೂಸ್ ಉಳಿದರೆ ತಪ್ಪು ಸ್ವಿಚ್ಚಿನಿಂದ ಆಚೆಗೆ.

ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫ್ಯೂಸ್ ಸುಡದಿದ್ದರೆ ವಯರ್ ಸುಡುತ್ತದೆ, ವಯರ್ ಸುಟ್ಟರೆ ಗಾಡಿ. ಬ್ಲೇಡ್ ಫ್ಯೂಸಿನಲ್ಲಿ ಬಣ್ಣವೇ ಲೆಕ್ಕ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕೆಂಪು ಸುಟ್ಟರೆ ಕೆಂಪೇ ಹಾಕಿ. ಬಿಡಿ ಫ್ಯೂಸ್ ಪ್ರತಿ ಬಣ್ಣದ್ದೂ ಎರಡೆರಡು ಗಾಡಿಯಲ್ಲಿ ಇರಲಿ.

ಹೆಡ್‌ಲೈಟ್ ಮಂದ ಅಂತ 100/90 ವ್ಯಾಟಿನ ಬಲ್ಬ್ ಹಾಕಿಸುವವರಿಗೂ ಒಂದು ಮಾತು. ಮಾಮೂಲಿ ಎಚ್4 ಬಲ್ಬ್ 60/55. ಎರಡೂ ಹೈ ಬೀಮ್ ಸೇರಿ ಎಳೆಯುವುದು 10 ಆಂಪಿಯರ್. 100ರದ್ದು ಹಾಕಿದರೆ 17ರ ಹತ್ತಿರ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇಲ್ಲದ ಗಾಡಿಯಲ್ಲಿ ಅಷ್ಟೂ ಕರೆಂಟ್ ಸ್ಟೀರಿಂಗ್ ಪಕ್ಕದ ಕಡ್ಡಿ ಸ್ವಿಚ್ಚಿನ ಒಳಗೇ ಹಾಯುತ್ತದೆ, ಪ್ಲಾಸ್ಟಿಕ್ ಕರಗಿದ ವಾಸನೆ ಬಂದಾಗಲೇ ಗೊತ್ತಾಗುವುದು. ರಿಲೇ ಹಾಕಿಸಿ, ಲೈಟಿನ ಅರ್ಥಿಂಗ್ ಉಜ್ಜಿ ಕಟ್ಟಿ. ಹಳೇ ಬಲ್ಬೇ ಎಷ್ಟೋ ಚೆನ್ನಾಗಿ ಉರಿಯುತ್ತದೆ.

ನನ್ನ ಗಾಡಿಯ ಈಗಿನ ಸ್ಥಿತಿ ಹೇಳಿಬಿಡುತ್ತೇನೆ. ಪಟ್ಟಿ ಕಟ್ಟಿ ಮೂರನೇ ಕ್ಲಚ್ ವಯರ್ ಹಾಕಿ ಒಂದು ವರ್ಷ ದಾಟಿತು. ಪೆಡಲ್ ಹಗುರ, ಸೆಲ್ಫ್ ಒಂದೇ ಏಟು. ಬಿಚ್ಚಿಸಿದ ಹಳೇ ಬ್ಯಾಟರಿ ಆಗಲೇ ಮಾರಿಯಾಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ ಅಂತ ಈಗ ಗೊತ್ತು. ಎರಡನೇ ಗೇರ್ ಮಾತ್ರ ಚಳಿಗಾಲದ ಬೆಳಿಗ್ಗೆ ಮೊದಲ ಒಂದು ಕಿಲೋಮೀಟರ್ ಕರ್ರ್ ಅನ್ನುತ್ತದೆ. ಆಯಿಲ್‌ನಲ್ಲಿ ಹಳದಿ ಮಿಂಚು ಕಂಡಿದೆ, ಸಿಂಕ್ರೊ ಸವೆದಿದೆ. ಅದಕ್ಕೋಸ್ಕರ ಪೆಟ್ಟಿಗೆ ಇಳಿಸುವುದಿಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ನ್ಯೂಟ್ರಲ್ಲಿನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಚೂರು ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಹಾಕುತ್ತೇನೆ. ಲಾರಿಯವರು ಮಾಡುತ್ತಿದ್ದ ಹಾಗೆ. ಸದ್ದಿಲ್ಲದೆ ಬೀಳುತ್ತದೆ.